ಆಕಾಶಕ್ಕೆ ಲೆಕ್ಕ ಬರೆದ ಶಾಲಾ ಮಾಸ್ತರರು: ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ

2023ರ ಜುಲೈ 14ರಂದು ಶ್ರೀಹರಿಕೋಟದಿಂದ ಚಂದ್ರಯಾನ-3 ಮೇಲೇರಿದ ದೃಶ್ಯವನ್ನು ದೇಶದ ಊರೂರುಗಳಲ್ಲಿ ಜನ ಮಕ್ಕಳು ಮೊಮ್ಮಕ್ಕಳೊಡನೆ ಕುಳಿತು ನೋಡಿದರು. ಅಂದು ನೆಲ ಬಿಟ್ಟ ರಾಕೆಟ್ಟಿನ ತೂಕ ಸುಮಾರು 640 ಟನ್. ಅದು ಹೊತ್ತೊಯ್ದ ನೌಕೆಯ ತೂಕವಾದರೋ ನಾಲ್ಕು ಟನ್ನಿಗಿಂತಲೂ ಕಡಿಮೆ. ಇಷ್ಟು ಸಣ್ಣ ಹೊರೆಗೆ ಅಷ್ಟು ದೊಡ್ಡ ವಾಹನವೇಕೆ ಎಂದು ಮನೆಯ ಮಗುವೊಂದು ಕೇಳಿದರೆ, ಅದಕ್ಕೆ ಉತ್ತರ ಒಂದೇ ಸಾಲಿನ ಒಂದು ಗಣಿತ ಸೂತ್ರದಲ್ಲಿದೆ. ಆ ಸೂತ್ರವನ್ನು ಗಗನಯಾನಕ್ಕೆ ಮೊದಲು ಅನ್ವಯಿಸಿದವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ, ಪ್ರಯೋಗಾಲಯವಿಲ್ಲದ, ಕಿವಿ ಸರಿಯಾಗಿ ಕೇಳಿಸದ ಒಬ್ಬ ರಷ್ಯನ್ ಶಾಲಾ ಮಾಸ್ತರರು. ಅವರೇ ಕಾನ್‌ಸ್ಟಾಂಟಿನ್ ಎಡ್ವರ್ಡೊವಿಚ್ ತ್ಸಿಯೋಲ್ಕೋವ್‌ಸ್ಕಿ.

ಅವರು ಹುಟ್ಟಿದ್ದು 1857ರ ಸೆಪ್ಟೆಂಬರ್ 17ರಂದು, ರಷ್ಯದ ರ‍್ಯಾಜಾನ್ ಪ್ರಾಂತದ ಇಜೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ. ತಂದೆ ಎಡ್ವರ್ಡ್ ಪೋಲಿಷ್ ಮೂಲದವರು, ಅರಣ್ಯ ಇಲಾಖೆಯ ನೌಕರರು. ತಾಯಿ ಮರಿಯಾ. ಮನೆ ತುಂಬ ಮಕ್ಕಳಿದ್ದ ಸಾಧಾರಣ ಸಂಸಾರ. ಹುಡುಗನಿಗೆ ಒಂಬತ್ತು ಹತ್ತು ವರ್ಷವಾಗುವ ವೇಳೆಗೆ ಸ್ಕಾರ್ಲೆಟ್ ಜ್ವರ ಬಂದಿತು. ಜೀವ ಉಳಿಯಿತು, ಆದರೆ ಶ್ರವಣಶಕ್ತಿ ಬಹುಪಾಲು ಹೋಯಿತು. ಕೆಲವೇ ವರ್ಷಗಳಲ್ಲಿ, 1870ರಲ್ಲಿ, ತಾಯಿಯೂ ತೀರಿಕೊಂಡರು. ಅಧ್ಯಾಪಕರ ಮಾತು ಕೇಳಿಸದ ಬಾಲಕ ತರಗತಿಯಲ್ಲಿ ಹಿಂದುಳಿದ. ಶಾಲೆಯ ವಿದ್ಯಾಭ್ಯಾಸ ನಡುವೆಯೇ ನಿಂತುಹೋಯಿತು. ಆಗ ಅವನಿಗೆ ಉಳಿದದ್ದು ತಂದೆಯ ಬಳಿಯಿದ್ದ ಪುಸ್ತಕಗಳು ಮಾತ್ರ. ಪುಸ್ತಕಕ್ಕೆ ಕಿವಿಯ ಹಂಗಿಲ್ಲ ಎಂಬುದನ್ನು ಆ ಬಾಲಕ ಬಹುಬೇಗ ಕಂಡುಕೊಂಡ.

ಮಗನ ಬುದ್ಧಿಯನ್ನು ಗುರುತಿಸಿದ ತಂದೆ 1873ರಲ್ಲಿ ಅವನನ್ನು ಮಾಸ್ಕೋ ನಗರಕ್ಕೆ ಕಳುಹಿಸಿದರು. ಆಗ ಅವನಿಗೆ ಹದಿನಾರು ವರ್ಷ. ಯಾವ ಕಾಲೇಜಿಗೂ ಸೇರಲಾಗಲಿಲ್ಲ. ಚೆರ್ಟ್‌ಕೋವ್ ಎಂಬ ಹೆಸರಿನ ಸಾರ್ವಜನಿಕ ಗ್ರಂಥಾಲಯವೇ ಅವನ ವಿದ್ಯಾಲಯವಾಯಿತು. ಅಲ್ಲಿನ ಗ್ರಂಥಪಾಲಕರಾಗಿದ್ದ ನಿಕೊಲಾಯ್ ಫ್ಯೊದೊರೊವ್ ಸ್ವತಃ ಚಿಂತಕರು. ಹರಕು ಬಟ್ಟೆಯ ಈ ತರುಣನಿಗೆ ಅವರು ಬೇಕಾದ ಪುಸ್ತಕಗಳನ್ನು ಒದಗಿಸಿದರು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಖಗೋಳಶಾಸ್ತ್ರಗಳನ್ನು ಮೂರು ವರ್ಷಗಳ ಕಾಲ ತಾನಾಗಿಯೇ ಓದಿದ. ತಂದೆ ಕಳುಹಿಸುತ್ತಿದ್ದ ಅಲ್ಪ ಹಣದ ಬಹುಭಾಗ ಪುಸ್ತಕಗಳಿಗೂ ಪ್ರಯೋಗದ ಸಾಮಗ್ರಿಗಳಿಗೂ ಹೋಗುತ್ತಿತ್ತು. ಊಟಕ್ಕೆ ಉಳಿಯುತ್ತಿದ್ದುದು ಒಣ ರೊಟ್ಟಿ ಮತ್ತು ನೀರು. ಆರೋಗ್ಯ ಕೆಡುತ್ತಿರುವ ಸುದ್ದಿ ತಿಳಿದ ತಂದೆ 1876ರಲ್ಲಿ ಅವನನ್ನು ಮನೆಗೆ ಕರೆಸಿಕೊಂಡರು.

1879ರಲ್ಲಿ ಖಾಸಗಿಯಾಗಿ ಪರೀಕ್ಷೆಗೆ ಕುಳಿತು ಶಿಕ್ಷಕ ಪದವಿಯನ್ನು ಪಡೆದ ತ್ಸಿಯೋಲ್ಕೋವ್‌ಸ್ಕಿಯವರು ಮರುವರ್ಷ ಬೊರೊವ್‌ಸ್ಕ್ ಎಂಬ ಪುಟ್ಟ ಪಟ್ಟಣದಲ್ಲಿ ಅಂಕಗಣಿತ ಮತ್ತು ರೇಖಾಗಣಿತದ ಉಪಾಧ್ಯಾಯರಾದರು. ಅದೇ ವರ್ಷ ಪಾದ್ರಿಯೊಬ್ಬರ ಮಗಳಾದ ವರ್ವಾರಾ ಸೊಕೊಲೊವಾ ಅವರೊಡನೆ ವಿವಾಹವಾಯಿತು. ಹಗಲು ಶಾಲೆ, ರಾತ್ರಿ ಬರವಣಿಗೆ ಎಂಬ ದಿನಚರಿ ಅಂದು ಆರಂಭವಾದದ್ದು ನಾಲ್ಕು ದಶಕಗಳ ಕಾಲ ನಡೆಯಿತು.

ಆ ಬರವಣಿಗೆಯ ಮೊದಲ ಫಲವೇ ಅವರಿಗೆ ಒಂದು ಕಹಿ ಪಾಠವನ್ನು ಕಲಿಸಿತು. ಅನಿಲಗಳ ಕಣಗಳು ಹೇಗೆ ಚಲಿಸುತ್ತವೆ ಎಂಬುದನ್ನು ತಾವೇ ಆಲೋಚಿಸಿ, 1881ರ ಸುಮಾರಿಗೆ ಒಂದು ಪ್ರಬಂಧವನ್ನು ಬರೆದು ಸೇಂಟ್ ಪೀಟರ್ಸ್‌ಬರ್ಗ್ ನಗರದ ವಿದ್ವತ್ಸಂಸ್ಥೆಗೆ ಕಳುಹಿಸಿದರು. ಅಲ್ಲಿನ ವಿದ್ವಾಂಸರು ಪ್ರಬಂಧವನ್ನು ಆದರದಿಂದಲೇ ಓದಿದರು. ಆದರೆ ಅದರಲ್ಲಿದ್ದ ವಿಚಾರ ಯುರೋಪಿನಲ್ಲಿ ಸುಮಾರು ಕಾಲು ಶತಮಾನದ ಹಿಂದೆಯೇ ಸಿದ್ಧವಾಗಿತ್ತು. ಹೊಸ ಸುದ್ದಿ ತಲುಪದ ಊರಿನಲ್ಲಿ ಕುಳಿತವರು ಆಗಲೇ ತೆರೆದಿದ್ದ ಬಾಗಿಲನ್ನು ಇನ್ನೊಮ್ಮೆ ತೆರೆಯಲು ಶ್ರಮಿಸಿದ್ದರು. ಈ ಏಕಾಂತದ ಬೆಲೆಯನ್ನು ಅವರು ಮುಂದೆಯೂ ತೆರಬೇಕಾಯಿತು. ಆದರೆ ಮುಂದಿನ ಸಲ ಬಾಗಿಲು ತೆರೆದವರು ಅವರೇ, ಮತ್ತೆ ತೆರೆಯಲು ಹೊರಟವರು ಬೇರೆಯವರು.

1883ರಲ್ಲಿ ಅವರು ಮುಕ್ತ ಆಕಾಶವನ್ನು ಕುರಿತು ದಿನಚರಿಯ ರೂಪದಲ್ಲಿ ಒಂದು ಹಸ್ತಪ್ರತಿಯನ್ನು ಬರೆದರು. ಗಾಳಿಯಿಲ್ಲದ, ಹಿಡಿಯಲು ಆಸರೆಯಿಲ್ಲದ ಶೂನ್ಯದಲ್ಲಿ ಚಲಿಸುವುದು ಹೇಗೆ ಎಂಬುದು ಅದರ ಒಂದು ಮುಖ್ಯ ಪ್ರಶ್ನೆ. ತಮ್ಮಲ್ಲಿರುವ ವಸ್ತುವನ್ನೇ ಹಿಂದಕ್ಕೆ ಎಸೆಯಬೇಕು ಎಂಬುದು ಅವರು ಕಂಡುಕೊಂಡ ಉತ್ತರ. ಇದು ನ್ಯೂಟನ್ನನ ಮೂರನೆಯ ನಿಯಮವೇ. ನಮ್ಮ ತುಂಗಭದ್ರೆಯ ನಿಂತ ನೀರಿನಲ್ಲಿ ಹುಟ್ಟಿಲ್ಲದ ಹರಿಗೋಲೊಂದರಲ್ಲಿ ಕಲ್ಲಿನ ರಾಶಿಯೊಡನೆ ಒಬ್ಬನು ಕುಳಿತಿದ್ದಾನೆ ಎಂದು ಊಹಿಸಿರಿ. ಅವನು ಒಂದು ಕಲ್ಲನ್ನು ಬಲವಾಗಿ ಹಿಂದಕ್ಕೆ ಎಸೆದರೆ ಹರಿಗೋಲು ತುಸು ಮುಂದೆ ಸರಿಯುತ್ತದೆ. ಕಲ್ಲು ಗಾಳಿಯನ್ನು ತಳ್ಳಿದ್ದರಿಂದಲ್ಲ, ಕಲ್ಲನ್ನು ಅವನು ತಳ್ಳಿದ್ದರಿಂದ. ರಾಕೆಟ್ಟಿನಲ್ಲಿ ಕಲ್ಲಿನ ಬದಲು ಉರಿದ ಅನಿಲವಿದೆ ಎಂಬುದಷ್ಟೇ ವ್ಯತ್ಯಾಸ. ಗಾಳಿ ಅದಕ್ಕೆ ಆಧಾರವಲ್ಲ, ಬದಲಿಗೆ ಅಡ್ಡಿ.

ಈ ಸರಳ ಸಂಗತಿ ಲೋಕಕ್ಕೆ ಎಷ್ಟು ತಡವಾಗಿ ಅರ್ಥವಾಯಿತೆಂಬುದಕ್ಕೆ ಒಂದು ನಿದರ್ಶನವನ್ನು ಹೇಳಬಹುದು. 1920ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಚಂದ್ರನಿಗೆ ರಾಕೆಟ್ ಕಳುಹಿಸಬಹುದೆಂದಾಗ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಶೂನ್ಯದಲ್ಲಿ ರಾಕೆಟ್ ಕೆಲಸ ಮಾಡಲಾರದೆಂಬ ಧಾಟಿಯಲ್ಲಿ ಅವರನ್ನು ಹಂಗಿಸಿತು. ಆ ಪತ್ರಿಕೆ ತನ್ನ ತಪ್ಪನ್ನು ಒಪ್ಪಿಕೊಂಡದ್ದು 1969ರ ಜುಲೈ 17ರಂದು, ಅಪೊಲೊ-11 ಚಂದ್ರನತ್ತ ಹೊರಟ ಮರುದಿನ.

1887ರಲ್ಲಿ ಬೊರೊವ್‌ಸ್ಕ್‌ನ ಅವರ ಮನೆಗೆ ಬೆಂಕಿ ಬಿದ್ದು ಪುಸ್ತಕಗಳೂ ಹಸ್ತಪ್ರತಿಗಳೂ ಸುಟ್ಟುಹೋದವು. 1892ರಲ್ಲಿ ಕಲೂಗಾ ಪಟ್ಟಣಕ್ಕೆ ವರ್ಗವಾಯಿತು. ಮಾಸ್ಕೋದ ನೈರುತ್ಯಕ್ಕೆ, ಓಕಾ ನದಿಯ ದಡದಲ್ಲಿರುವ ಈ ಊರೇ ಕಡೆಯವರೆಗೂ ಅವರ ಮನೆಯಾಯಿತು. ಲೋಹದಿಂದ ಮಾಡಿದ ವಾಯುನೌಕೆಯನ್ನು ರೂಪಿಸುವ ಹಂಬಲ ಅವರಿಗಿತ್ತು. ಅದಕ್ಕಾಗಿ 1897ರಲ್ಲಿ ತಮ್ಮ ಕೈಯಿಂದಲೇ ಒಂದು ಗಾಳಿಸುರಂಗವನ್ನು ನಿರ್ಮಿಸಿ, ಬಗೆಬಗೆಯ ಆಕೃತಿಗಳಿಗೆ ಗಾಳಿ ಒಡ್ಡುವ ತಡೆಯನ್ನು ಅಳೆದರು. ಈ ಪ್ರಯೋಗಗಳಿಗೆ ವಿಜ್ಞಾನ ಅಕಾಡೆಮಿಯಿಂದ ದೊರೆತ ನೆರವು 470 ರೂಬಲ್. ಕಿವಿಗೆ ತಗಡಿನ ದೊಡ್ಡ ಆಲಿಕೆಯನ್ನೂ ಅವರೇ ಮಾಡಿಕೊಂಡರು. ಅದನ್ನು ಹಿಡಿದು ವಿದ್ಯಾರ್ಥಿಗಳ ಉತ್ತರಗಳನ್ನು ಆಲಿಸುತ್ತಿದ್ದ ಮಾಸ್ತರರು ಊರವರ ಕಣ್ಣಿಗೆ ವಿಚಿತ್ರವಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಅದೇ 1897ರ ಮೇ 10ರ ದಿನಾಂಕ ಹೊತ್ತ ಅವರ ಹಾಳೆಯೊಂದರಲ್ಲಿ ರಾಕೆಟ್ ಸೂತ್ರವಿದೆ. ರಾಕೆಟ್ ಗಳಿಸುವ ವೇಗ ಎರಡನ್ನು ಅವಲಂಬಿಸಿದೆ. ಒಂದು, ಅನಿಲ ಹಿಂದಕ್ಕೆ ಚಿಮ್ಮುವ ವೇಗ. ಇನ್ನೊಂದು, ಇಂಧನ ತುಂಬಿದ ರಾಕೆಟ್ಟಿನ ತೂಕ ಬರಿದಾದ ರಾಕೆಟ್ಟಿನ ತೂಕದ ಎಷ್ಟು ಪಟ್ಟು ಎಂಬುದು. ಆದರೆ ಇಂಧನವನ್ನು ಇಮ್ಮಡಿ ಮಾಡಿದರೆ ವೇಗ ಇಮ್ಮಡಿಯಾಗುವುದಿಲ್ಲ. ಹರಿಗೋಲನ್ನೇ ನೆನೆಯಿರಿ. ಮೊದಲ ಕಲ್ಲು ಹರಿಗೋಲನ್ನಷ್ಟೇ ಅಲ್ಲದೆ ಉಳಿದ ಎಲ್ಲ ಕಲ್ಲುಗಳನ್ನೂ ಮುಂದೆ ನೂಕಬೇಕು. ಕೊನೆಯ ಕಲ್ಲಿಗೆ ಆ ಭಾರವಿಲ್ಲ. ಹಾಗೆಯೇ ರಾಕೆಟ್ಟಿನ ಇಂಧನದ ಬಹುಭಾಗ ಮುಂದೆ ಉರಿಯಬೇಕಾದ ಇಂಧನವನ್ನು ಹೊರುವುದರಲ್ಲೇ ತೀರಿಹೋಗುತ್ತದೆ.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವನಿಗೆ ಈ ಸೂತ್ರದಲ್ಲಿ ಪರಿಚಯದ ಸಂಖ್ಯೆಯೊಂದು ಕಾಣಿಸುತ್ತದೆ. ವರ್ಷಕ್ಕೆ ಶೇ. 100ರ ಬಡ್ಡಿಯಲ್ಲಿ ಒಂದು ರೂಪಾಯಿಯನ್ನು ಇಟ್ಟರೆ ವರ್ಷಾಂತ್ಯಕ್ಕೆ ಎರಡು ರೂಪಾಯಿಯಾಗುತ್ತದೆ. ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಿದರೆ 2.25, ಮೂರು ತಿಂಗಳಿಗೊಮ್ಮೆಯಾದರೆ 2.44, ತಿಂಗಳಿಗೊಮ್ಮೆಯಾದರೆ 2.61. ಕ್ಷಣಕ್ಷಣವೂ ಬಡ್ಡಿ ಸೇರುತ್ತಿದ್ದರೂ ಮೊತ್ತ 2.718ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಯಾಕೋಬ್ ಬರ್ನೂಲಿ ಎಂಬ ಗಣಿತಜ್ಞರು 17ನೆಯ ಶತಮಾನದಲ್ಲಿ ಚಕ್ರಬಡ್ಡಿಯ ಪ್ರಶ್ನೆಯಿಂದಲೇ ಈ ಸಂಖ್ಯೆಯ ಬಳಿಗೆ ಬಂದಿದ್ದರು. ರಾಕೆಟ್ಟಿನ ಲೆಕ್ಕದಲ್ಲಿಯೂ ಇದೇ ಸಂಖ್ಯೆ ಆಳುತ್ತದೆ, ಆದರೆ ಇಲ್ಲಿ ನಾವು ಠೇವಣಿದಾರರಲ್ಲ, ಸಾಲಗಾರರು. ಅನಿಲ ಚಿಮ್ಮುವಷ್ಟೇ ವೇಗವನ್ನು ರಾಕೆಟ್ ಗಳಿಸಬೇಕಾದರೆ ಹೊರಡುವಾಗಿನ ತೂಕ ಬರಿದಾದ ತೂಕದ 2.7 ಪಟ್ಟು ಇರಬೇಕು. ಅದರ ಎರಡರಷ್ಟು ವೇಗಕ್ಕೆ 7.4 ಪಟ್ಟು, ಮೂರರಷ್ಟು ವೇಗಕ್ಕೆ 20 ಪಟ್ಟು.

ಭೂಮಿಯನ್ನು ಸುತ್ತುವ ಕಕ್ಷೆಗೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗ ಬೇಕು. ಗುರುತ್ವಕ್ಕೂ ಗಾಳಿಯ ತಡೆಗೂ ತೆರಬೇಕಾದುದನ್ನು ಸೇರಿಸಿದರೆ 9 ದಾಟುತ್ತದೆ. ಸೀಮೆಎಣ್ಣೆಯ ಜಾತಿಯ ಇಂಧನವನ್ನು ದ್ರವ ಆಮ್ಲಜನಕದೊಡನೆ ಉರಿಸಿದರೆ ಅನಿಲದ ವೇಗ ಸೆಕೆಂಡಿಗೆ 3 ಕಿಲೋಮೀಟರಿನ ಆಸುಪಾಸು. ಆಗ ತೂಕ 20 ಪಟ್ಟಾಗಬೇಕು. ದ್ರವ ಜಲಜನಕವನ್ನು ಬಳಸಿದರೆ ಶೂನ್ಯದಲ್ಲಿ ಅನಿಲದ ವೇಗ ಸುಮಾರು ನಾಲ್ಕೂವರೆ ಕಿಲೋಮೀಟರ್. ಏಳೂವರೆ ಪಟ್ಟು ಸಾಕು. ಸಿಡಿಮದ್ದಿನ ವೇಗವಾದರೋ ಇವೆಲ್ಲಕ್ಕಿಂತ ಬಹಳ ಕಡಿಮೆ. ಆದ್ದರಿಂದಲೇ ದ್ರವ ಜಲಜನಕ ಮತ್ತು ದ್ರವ ಆಮ್ಲಜನಕಗಳನ್ನು ಬಳಸಬೇಕೆಂದು ತ್ಸಿಯೋಲ್ಕೋವ್‌ಸ್ಕಿಯವರು ಸೂಚಿಸಿದರು. ಜಲಜನಕವನ್ನು ದ್ರವರೂಪಕ್ಕೆ ತರಲು ಸಾಧ್ಯವಾದದ್ದೇ 1898ರಲ್ಲಿ, ಜೇಮ್ಸ್ ಡೇವರ್ ಅವರ ಪ್ರಯೋಗದಿಂದ ಎಂಬುದನ್ನು ನೆನೆದರೆ ಈ ಸೂಚನೆಯ ಧೈರ್ಯ ಅರಿವಾಗುತ್ತದೆ.

ಇಲ್ಲಿ ಕನ್ನಡಿಗರಾದ ನಮಗೆ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕು. ರಾಕೆಟ್ ತ್ಸಿಯೋಲ್ಕೋವ್‌ಸ್ಕಿಯವರಿಗಿಂತ ಬಹಳ ಹಳೆಯದು. ಚೀನಾದಲ್ಲಿ ಹುಟ್ಟಿದ ಆ ವಿದ್ಯೆ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರಿನಲ್ಲಿ ಕಬ್ಬಿಣದ ಕೊಳವೆಯನ್ನು ಪಡೆದು ಬಲಿಷ್ಠವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡಿನಲ್ಲಿ ತಮ್ಮ ರಾಕೆಟ್ಟುಗಳನ್ನು ರೂಪಿಸಿದರು. ಅವುಗಳ ಚಲನೆಯನ್ನು ವಿವರಿಸಲು ವುಲಿಚ್‌ನ ಸೈನಿಕ ಅಕಾಡೆಮಿಯ ಗಣಿತಜ್ಞ ವಿಲಿಯಂ ಮೂರ್ 1813ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ರಾಕೆಟ್ ಸೂತ್ರದ ಗಣಿತ ಆ ಕಾಲದಲ್ಲಿಯೇ ಅವರಿಗೆ ದೊರೆತಿತ್ತು. ಆದರೆ ಅದು ರಣರಂಗಕ್ಕೆ ಸೀಮಿತವಾಗಿ ಮರೆತುಹೋಯಿತು. ಕಲೂಗಾದ ಮಾಸ್ತರರು ಅದನ್ನು ಸ್ವತಂತ್ರವಾಗಿ ಕಂಡುಕೊಂಡು, ಅದರಿಂದ ಭೂಮಿಯನ್ನೇ ಬಿಡಬಹುದೆಂದು ತೋರಿಸಿದರು. ಅವರ ಹಿರಿಮೆ ಇರುವುದು ಸೂತ್ರದಲ್ಲಿ ಅಷ್ಟಲ್ಲ, ಅದರ ಈ ಉಪಯೋಗದಲ್ಲಿ.

1903ರ ಮೇ ತಿಂಗಳಿನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ಈ ಲೆಕ್ಕಗಳನ್ನು ಒಳಗೊಂಡ ಅವರ ಪ್ರಬಂಧ ಪ್ರಕಟವಾಯಿತು. ರೈಟ್ ಸೋದರರ ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ. ಅದು ಹನ್ನೆರಡು ಸೆಕೆಂಡುಗಳ ಕಾಲ ಹಾರಿದ್ದು ಅದೇ ಡಿಸೆಂಬರಿನಲ್ಲಿ. ಪ್ರಬಂಧ ಬೆಳಕು ಕಂಡ ಮರುತಿಂಗಳೇ ಪತ್ರಿಕೆಯ ಸಂಪಾದಕರಾದ ಫಿಲಿಪೊವ್ ತೀರಿಕೊಂಡರು, ಪತ್ರಿಕೆಯೂ ನಿಂತಿತು. ಮುಂದಿನ ಭಾಗ ಅಚ್ಚಾಗಲು 1911ರವರೆಗೆ ಕಾಯಬೇಕಾಯಿತು. ಮೊದಲ ಭಾಗವನ್ನು ರಷ್ಯದಲ್ಲಿಯೇ ಓದಿದವರು ಕೆಲವರು. ಹೊರದೇಶಗಳಲ್ಲಿ ಓದಿದವರು ಇಲ್ಲವೆನ್ನುವಷ್ಟು ವಿರಳ.

ಆ ಪ್ರಬಂಧಕ್ಕೆ ಕೆಲವೇ ತಿಂಗಳ ಮುಂಚೆ, 1902ರಲ್ಲಿ, ಮಾಸ್ಕೋದಲ್ಲಿ ಓದುತ್ತಿದ್ದ ಅವರ ಮಗ ಇಗ್ನಾತಿ ಆತ್ಮಹತ್ಯೆ ಮಾಡಿಕೊಂಡಿದ್ದ. 1908ರಲ್ಲಿ ಓಕಾ ನದಿಯ ನೆರೆ ಮನೆಗೆ ನುಗ್ಗಿತು. 1911ರಲ್ಲಿ ಮಗಳು ಲ್ಯುಬೊವ್ ಕ್ರಾಂತಿಕಾರಿ ಚಟುವಟಿಕೆಗಾಗಿ ಬಂಧಿತಳಾದಳು. ಏಳು ಮಕ್ಕಳಲ್ಲಿ ಐವರು ತಂದೆತಾಯಿಯರ ಕಣ್ಣೆದುರೇ ಅಳಿದರು. 1923ರಲ್ಲಿ ಇನ್ನೊಬ್ಬ ಮಗನೂ ಇಗ್ನಾತಿಯ ದಾರಿಯನ್ನೇ ಹಿಡಿದ. ಒಬ್ಬ ಮಾಸ್ತರರ ಸಂಬಳದಲ್ಲಿ ಸಂಸಾರವೂ ನಡೆಯಬೇಕು, ಮಾದರಿಗಳೂ ಆಗಬೇಕು, ಪುಸ್ತಕಗಳ ಅಚ್ಚಿನ ವೆಚ್ಚವೂ ಹೊರಡಬೇಕು. ಈ ಎಲ್ಲದರ ಭಾರವನ್ನು ಹೊತ್ತವರು ಪತ್ನಿ ವರ್ವಾರಾ. ಮಹಾಪುರುಷರ ಚರಿತ್ರೆಗಳಲ್ಲಿ ಇಂಥ ಹೆಂಗಸರ ಹೆಸರು ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ರಾಕೆಟ್ಟಿನ ಲೆಕ್ಕದಲ್ಲಿ ಉರಿದು ಹೋಗುವ ಭಾಗವೇ ದೊಡ್ಡದೆಂದು ಕಂಡವರ ಮನೆಯಲ್ಲಿಯೂ ಲೆಕ್ಕ ಹಾಗೆಯೇ ಇತ್ತು.

ಹಾಗಾದರೆ ಇಷ್ಟರ ನಡುವೆ ಅವರು ಬರೆಯುವುದನ್ನು ಬಿಡದಂತೆ ಹಿಡಿದು ನಿಲ್ಲಿಸಿದ್ದು ಯಾವುದು? ಅವರ ಹಟವೆಂಬುದು ನಿಜ. ಅದರೊಂದಿಗೆ ಸಣ್ಣ ಊರುಗಳ ಹವ್ಯಾಸಿ ಸಂಘಗಳ ಪಾತ್ರವನ್ನೂ ಮರೆಯಲಾಗದು. ನಿಜ್ನಿ ನೊವ್‌ಗೊರೊದ್ ಪಟ್ಟಣದ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ಆಸಕ್ತರ ಕೂಟ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತ್ತು. ಅವರ ಗಗನಯಾನದ ಕಾದಂಬರಿಯನ್ನು 1920ರಲ್ಲಿ ಪುಸ್ತಕವಾಗಿ ಹೊರತಂದದ್ದು ಕಲೂಗಾದ ಪ್ರಕೃತಿ ಅಧ್ಯಯನ ಸಂಘ. ಯಾಕೊವ್ ಪೆರೆಲ್ಮನ್ ಎಂಬ ಲೇಖಕರು 1915ರಲ್ಲಿ ಪ್ರಕಟಿಸಿದ ಗ್ರಹಯಾನದ ಪುಸ್ತಕ ಅವರ ವಿಚಾರಗಳನ್ನು ಸಾಮಾನ್ಯ ಓದುಗರ ಬಳಿಗೆ ಕೊಂಡೊಯ್ದಿತು. ದೊಡ್ಡ ಅಕಾಡೆಮಿಗಳು ಮೌನವಾಗಿದ್ದ ಕಾಲದಲ್ಲಿ ಕೇಳುವ ಕಿವಿಗಳಾದವರು ಇವರು.

ಕ್ರಾಂತಿಯ ನಂತರದ ಕಾಲವೂ ಮೊದಲಿಗೆ ಸುಗಮವಾಗಿರಲಿಲ್ಲ. 1918ರಲ್ಲಿ ಸಮಾಜವಾದಿ ಅಕಾಡೆಮಿಗೆ ಆಯ್ಕೆಯಾದ ಅವರನ್ನೇ 1919ರಲ್ಲಿ ರಹಸ್ಯ ಪೊಲೀಸರು ಸಂಶಯದ ಮೇಲೆ ಹಿಡಿದೊಯ್ದು ಮಾಸ್ಕೋದ ಲುಬ್ಯಾಂಕಾ ಸೆರೆಮನೆಯಲ್ಲಿಟ್ಟರು, ಬಳಿಕ ಬಿಡುಗಡೆಯಾಯಿತು. 1921ರಲ್ಲಿ ಸರಕಾರ ಅವರಿಗೆ ಆಜೀವ ಪಿಂಚಣಿ ನೀಡಿತು. 1923ರಲ್ಲಿ ಜರ್ಮನ್ ಭಾಷೆಯಲ್ಲಿ ಹರ್ಮನ್ ಓಬರ್ತ್ ಅವರ ರಾಕೆಟ್ ಗ್ರಂಥ ಪ್ರಕಟವಾದಾಗ ಅದರ ಅನೇಕ ವಿಚಾರಗಳು ಕಲೂಗಾದ ಮಾಸ್ತರರಿಗೆ ಹಳೆಯವಾಗಿದ್ದವು. ಗೊಡಾರ್ಡ್ ಅವರೂ ಅವರ ಬರಹವನ್ನು ತಿಳಿಯದೆ ಅದೇ ದಾರಿಯಲ್ಲಿ ನಡೆದಿದ್ದರು. ತ್ಸಿಯೋಲ್ಕೋವ್‌ಸ್ಕಿಯವರು 1924ರಲ್ಲಿ ತಮ್ಮ 1903ರ ಪ್ರಬಂಧವನ್ನು ಮತ್ತೆ ಅಚ್ಚು ಹಾಕಿಸಿದರು. ಮುಂದೆ ಪತ್ರವ್ಯವಹಾರವಾದಾಗ ಓಬರ್ತ್ ಅವರ ಅಗ್ರತೆಯನ್ನು ಸೌಜನ್ಯದಿಂದ ಒಪ್ಪಿಕೊಂಡರು. ದ್ರವ ಇಂಧನದ ರಾಕೆಟ್ಟನ್ನು ಮೊದಲು ಹಾರಿಸಿದ ಕೀರ್ತಿ ಮಾತ್ರ ಗೊಡಾರ್ಡ್ ಅವರದು. 1926ರ ಮಾರ್ಚ್ 16ರಂದು ಅವರ ರಾಕೆಟ್ ಎರಡೂವರೆ ಸೆಕೆಂಡುಗಳಲ್ಲಿ ಸುಮಾರು 12 ಮೀಟರ್ ಎತ್ತರಕ್ಕೆ ಏರಿತು. ತ್ಸಿಯೋಲ್ಕೋವ್‌ಸ್ಕಿಯವರು ಒಂದು ರಾಕೆಟ್ಟನ್ನೂ ಕಟ್ಟಲಿಲ್ಲ.

1929ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಇನ್ನೊಂದು ಮುಖ್ಯ ಲೆಕ್ಕವನ್ನು ಪ್ರಕಟಿಸಿದರು. ಒಂದೇ ರಾಕೆಟ್ಟಿನಲ್ಲಿ ಇಂಧನ ತೀರಿದಂತೆ ಖಾಲಿಯಾದ ತೊಟ್ಟಿಗಳ ಭಾರ ವ್ಯರ್ಥವಾಗಿ ಉಳಿಯುತ್ತದೆ. ಹಲವು ರಾಕೆಟ್ಟುಗಳನ್ನು ರೈಲಿನ ಬೋಗಿಗಳಂತೆ ಜೋಡಿಸಿ, ಬರಿದಾದುದನ್ನು ಕಳಚುತ್ತ ಹೋದರೆ ಉಳಿದ ಇಂಧನ ಹಗುರವಾದ ಭಾಗವನ್ನು ಮಾತ್ರ ತಳ್ಳಿದರೆ ಸಾಕು. ಇಂದಿನ ಉಪಗ್ರಹವಾಹಕಗಳ ಹಂತಗಳು ಈ ತತ್ತ್ವವನ್ನೇ ಅನುಸರಿಸುತ್ತವೆ. ನಮ್ಮ ಪಿಎಸ್‌ಎಲ್‌ವಿ ನಾಲ್ಕು ಹಂತಗಳದು.

ಅವರನ್ನು ದೋಷರಹಿತರೆಂದು ಚಿತ್ರಿಸುವುದು ಸರಿಯಾಗದು. ಮನುಷ್ಯಕುಲವನ್ನು ಆಯ್ಕೆಯ ಮೂಲಕ ತಿದ್ದಬೇಕೆಂಬಂಥ, ಇಂದು ಯಾರೂ ಒಪ್ಪಬಾರದ ವಿಚಾರಗಳೂ ಅವರ ತಾತ್ತ್ವಿಕ ಬರಹಗಳಲ್ಲಿವೆ. ಅವುಗಳನ್ನು ಬದಿಗಿಟ್ಟು ಗಣಿತವನ್ನು ಸ್ವೀಕರಿಸಿದ ಲೋಕದ ವಿವೇಕ ಮೆಚ್ಚತಕ್ಕದ್ದು.

1932ರಲ್ಲಿ ಅವರ ಎಪ್ಪತ್ತೈದನೆಯ ಹುಟ್ಟುಹಬ್ಬವನ್ನು ದೇಶ ಗೌರವದಿಂದ ಆಚರಿಸಿತು. 1933ರ ಆಗಸ್ಟಿನಲ್ಲಿ, ಸೆರ್ಗೇಯ್ ಕೊರೊಲ್ಯೋವ್ ನೇತೃತ್ವದ ತರುಣರ ತಂಡ ಮಾಸ್ಕೋ ಬಳಿ ದ್ರವ ಆಮ್ಲಜನಕವನ್ನು ಬಳಸಿದ ರಾಕೆಟ್ಟನ್ನು ಸುಮಾರು 400 ಮೀಟರ್ ಎತ್ತರಕ್ಕೆ ಹಾರಿಸಿತು. ಆ ಮಾಸ್ತರರ ಆಯುಷ್ಯದಲ್ಲಿ ಸೋವಿಯತ್ ನೆಲದಿಂದ ಆದ ಆರಂಭ ಇಷ್ಟು. 1935ರ ಸೆಪ್ಟೆಂಬರ್ 19ರಂದು ಅವರು ಕಲೂಗಾದಲ್ಲಿ ಕಣ್ಮುಚ್ಚಿದರು. 1957ರ ಅಕ್ಟೋಬರ್ 4ರಂದು, ಅವರ ಜನ್ಮಶತಾಬ್ದಿ ಕಳೆದು ಮೂರು ವಾರ ತುಂಬುವ ಮುನ್ನ, ಅದೇ ಕೊರೊಲ್ಯೋವ್ ರೂಪಿಸಿದ ರಾಕೆಟ್ 83.6 ಕಿಲೋಗ್ರಾಂ ತೂಕದ ಸ್ಪುಟ್ನಿಕ್ಕನ್ನು ಕಕ್ಷೆಗೆ ಒಯ್ದಿತು. 1961ರಲ್ಲಿ ಯೂರಿ ಗಗಾರಿನ್ ಅಂತರಿಕ್ಷವನ್ನು ಕಂಡು ಬಂದರು. ಅದೇ ವರ್ಷ ಕಲೂಗಾಗೆ ಹೋಗಿ ಗಗನಯಾನದ ವಸ್ತುಸಂಗ್ರಹಾಲಯಕ್ಕೆ ಅಡಿಗಲ್ಲನ್ನಿಟ್ಟರು. ಚಂದ್ರನ ಆಚೆ ಬದಿಯ ದೊಡ್ಡ ಕುಳಿಯೊಂದಕ್ಕೆ ತ್ಸಿಯೋಲ್ಕೋವ್‌ಸ್ಕಿಯವರ ಹೆಸರಿದೆ.

ಆ ಪರಂಪರೆ ನಮ್ಮ ನಾಡನ್ನೂ ಮುಟ್ಟಿದೆ. ಉಡುಪಿ ಸಮೀಪದ ಅದಮಾರಿನಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಕಕ್ಷೆಗೆ ಸೇರಿಸಿದ್ದು ಸೋವಿಯತ್ ರಾಕೆಟ್. ದ್ರವ ಜಲಜನಕ ಮತ್ತು ದ್ರವ ಆಮ್ಲಜನಕಗಳ ಶೀತಲ ಎಂಜಿನ್ ವಿದ್ಯೆ ಮಾತ್ರ ನಮಗೆ ಸುಲಭವಾಗಿ ದಕ್ಕಲಿಲ್ಲ. 2001ರ ಮೊದಲ ಜಿಎಸ್‌ಎಲ್‌ವಿ ಹಾರಾಟದಲ್ಲಿ ಆ ಹಂತ ರಷ್ಯದಿಂದ ಬಂದುದಾಗಿತ್ತು. 2014ರ ಜನವರಿ 5ರಂದು ನಮ್ಮ ದೇಶದ್ದೇ ಆದ ಹಂತ ಯಶಸ್ಸು ಕಂಡಿತು. ಚಂದ್ರಯಾನ-3ರ ರಾಕೆಟ್ಟಿನ ತುದಿಯ ಹಂತದಲ್ಲಿ ಉರಿದದ್ದೂ 1903ರ ಪ್ರಬಂಧ ಹೆಸರಿಸಿದ ಆ ಎರಡು ದ್ರವಗಳೇ.

ಈ ಚರಿತ್ರೆಯನ್ನು ಓದಿ ಪ್ರತಿಭೆಗೆ ಶಾಲೆ ಬೇಡ, ಸಂಗಡಿಗರು ಬೇಡ ಎಂದು ಯಾರೂ ಭಾವಿಸಬಾರದು. ಒಂಟಿತನದಿಂದಾಗಿ ತ್ಸಿಯೋಲ್ಕೋವ್‌ಸ್ಕಿಯವರು ಅನ್ಯರು ಕಂಡದ್ದನ್ನು ಮತ್ತೆ ಕಂಡುಹಿಡಿದರು. ಅವರು ಕಂಡದ್ದನ್ನು ಅನ್ಯರು ಮತ್ತೆ ಕಂಡುಹಿಡಿಯಬೇಕಾಯಿತು. ಎರಡೂ ಕಡೆ ವರ್ಷಗಳು ಹೋದವು. ಆ ನಷ್ಟವನ್ನು ಸ್ವಲ್ಪವಾದರೂ ತುಂಬಿದವು ಚಂದಾ ಹಣದಲ್ಲಿ ನಡೆಯುವ ಊರಿನ ಪುಟ್ಟ ಸಂಘಗಳು, ಒಂದು ಗ್ರಂಥಾಲಯ, ಪುಸ್ತಕ ತೆಗೆದುಕೊಟ್ಟ ಒಬ್ಬ ಗ್ರಂಥಪಾಲಕ. ತವರಿನಿಂದ ದೂರದ ನಗರಗಳಲ್ಲಿ ನೆಲೆಸಿ, ಸಂಘಗಳನ್ನೂ ವಾಚನಾಲಯಗಳನ್ನೂ ಕಟ್ಟಿ ನಡೆಸಿಕೊಂಡು ಬಂದಿರುವ ನಮ್ಮ ಕುಟುಂಬಗಳಿಗೆ ಇದರ ಬೆಲೆ ಗೊತ್ತಿದೆ. ನಮ್ಮ ವಾಚನಾಲಯದ ಮೂಲೆಯಲ್ಲಿ ವಿಜ್ಞಾನದ ಪುಸ್ತಕ ಹಿಡಿದು ಕುಳಿತ ಮಗುವಿಗೆ ಏನು ಬೇಕೆಂದು ವಿಚಾರಿಸುವವರು ಒಬ್ಬರು ಅಲ್ಲಿರಲಿ. ಕಲೂಗಾದ ಮಾಸ್ತರರ ನೆನಪಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.